ಮಲ್ಟಿ ಟೂಲ್: ವೈರಿನದೋ, ಬ್ಯಾಟರಿಯದೋ?

ಮಲ್ಟಿ ಟೂಲ್ ಅಂದರೆ ಬ್ಲೇಡನ್ನು ಅತ್ತಿತ್ತ ವೇಗವಾಗಿ ಅಲ್ಲಾಡಿಸಿ ಕೊಯ್ಯುವ ಕೈ ಮಷೀನು. ಮರ ಕೊಯ್ಯಲು ಮಾತ್ರ ಬೇಕಿದ್ದರೆ ವೈರಿನದು ತೆಗೆದುಕೊಳ್ಳಿ. ಎಲೆಕ್ಟ್ರಿಕ್ ಕೆಲಸವೂ ಇದ್ದರೆ ಬ್ಯಾಟರಿಯದು. ಮನೆ ರಿಪೇರಿಯಲ್ಲಿ ವೈರಿನ ಬಾಷ್ ಜಿಒಪಿ 30-28, ಬ್ಯಾಟರಿಯ ಮಕೀಟಾ ಡಿಟಿಎಂ51 ಎರಡನ್ನೂ ಬಳಸಿದ ಮೇಲೆ ನನಗೆ ಅನಿಸಿದ್ದು ಇಷ್ಟೇ.

ಬಾಷ್ 300 ವ್ಯಾಟ್‌ನದು, ಬ್ಲೇಡ್ ಅತ್ತಿತ್ತ ಓಲಾಡುವ ಕೋನ 2.8 ಡಿಗ್ರಿ. ಮಕೀಟಾ 18 ವೋಲ್ಟ್, ಕೋನ 3.2 ಡಿಗ್ರಿ. ನಿಮಿಷಕ್ಕೆ 20,000 ಸಲದವರೆಗೆ ಎರಡೂ ಓಡುತ್ತವೆ, ಹಾಗಾಗಿ ಅಂಗಡಿಯಲ್ಲಿ ಬರೀ ಸ್ಪೀಡ್ ಕೇಳಿ ಪ್ರಯೋಜನ ಇಲ್ಲ. ಕೋನ ಕೇಳಿ. ಅದು ಜಾಸ್ತಿ ಇದ್ದಷ್ಟೂ ಹಲ್ಲು ದೂರ ಹೋಗಿ ಬರುತ್ತದೆ, ಹೊಟ್ಟು ಬೇಗ ಆಚೆ ಬೀಳುತ್ತದೆ. ಕೈ ನಡುಕವೂ ಜಾಸ್ತಿ, ಅದು ಬೇರೆ ಮಾತು.

ಹಳೇ ನೆಲದ ಮೇಲೆ ಟೈಲ್ಸ್ ಹಾಕಿಸುವಾಗ ಬಾಗಿಲ ಚೌಕಟ್ಟಿನ ಬುಡ ಕೊಯ್ಯಬೇಕಲ್ವಾ, ಅಲ್ಲಿ ಬಾಷ್ ಗೆದ್ದಿತು. ಒಂದು ಟೈಲ್ಸ್ ತುಂಡನ್ನು ನೆಲಕ್ಕೆ ಮಗುಚಿಟ್ಟು, ಅದರ ಮೇಲೆ ಬ್ಲೇಡ್ ಮಲಗಿಸಿ ಕೊಯ್ದರೆ ಅಳತೆಯೇ ಬೇಡ. ತೇಗ ಗಟ್ಟಿ, ಹೊತ್ತು ಹಿಡಿಯುತ್ತದೆ, ಆದರೆ ಚಾರ್ಜ್ ಮುಗಿಯುವ ಚಿಂತೆ ಇಲ್ಲ, ತೂಕವೂ ಒಂದೂವರೆ ಕಿಲೋ ಅಷ್ಟೇ. ಸುಮ್ನೆ ಒತ್ತಬೇಡಿ. ಹೊಗೆ ಬಂತು ಅಂದರೆ ಹಲ್ಲು ಸುಡುತ್ತಿದೆ ಎಂದರ್ಥ. ಉದ್ದದ ನೇರ ಕೊಯ್ತಕ್ಕೆ ಮಾತ್ರ ಎರಡೂ ಬೇಡ, ಸರ್ಕ್ಯುಲರ್ ಸಾ ಇದೆ.

ಟಿವಿ ಹಿಂದಿನ ಪ್ಲೈವುಡ್ ಪ್ಯಾನಲ್‌ನಲ್ಲಿ ಮಾಡ್ಯುಲರ್ ಬಾಕ್ಸ್‌ಗೆ (ಸ್ವಿಚ್, ಸಾಕೆಟ್ ಕೂರಿಸುವ ಡಬ್ಬಿಗೆ) ಕಿಂಡಿ ಮಾಡುವಾಗ ಲೆಕ್ಕ ತಿರುಗುತ್ತದೆ. ಮೊದಲು ಎಂಸಿಬಿ, ಅಂದರೆ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್ಚು, ಇಳಿಸಬೇಕು. ಇಳಿಸಿದರೆ ಆ ಕೋಣೆಯ ಸಾಕೆಟ್ ಕೂಡ ಸತ್ತಂತೆ, ವೈರಿನ ಮಷೀನಿಗೆ ಬೇರೆ ಕಡೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಂಡು ಬರಬೇಕು, ಮೇನ್ ಸ್ವಿಚ್ಚನ್ನೇ ಇಳಿಸಿದ್ದರೆ ಅದೂ ಇಲ್ಲ. ಮಕೀಟಾ ಕೈಯಲ್ಲಿದ್ದರೆ ಈ ರಗಳೆಯೇ ಇಲ್ಲ. ಬ್ಲೇಡ್ ಬದಲಿಸಲೂ ಲಿವರ್ ಎತ್ತಿದರೆ ಸಾಕು. ಗೋಡೆಯಿಂದ ಚಾಚಿಕೊಂಡ ಪಿವಿಸಿ ಪೈಪನ್ನು ಗೋಡೆ ಮಟ್ಟಕ್ಕೆ ಕತ್ತರಿಸಲೂ ಇದೇ ಸುಲಭ. ಆದರೆ ಬ್ಯಾಟರಿ ಸೇರಿ ಸುಮಾರು 2 ಕಿಲೋ, ಕೈ ಎತ್ತಿ ಹಿಡಿದರೆ ಗೊತ್ತಾಗುತ್ತದೆ.

‘ಇದು ಮೆತ್ತಗಿದ್ದದ್ದನ್ನು ಕತ್ತರಿಸಲ್ಲ’ ಎಂದು ಹೇಳುವವರಿದ್ದಾರೆ. ಫೈನ್ ಕಂಪನಿ 1967ರಲ್ಲಿ ಇಂಥ ಗರಗಸ ತಂದಿದ್ದೇ ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್ ಕಟ್ಟು ಬಿಚ್ಚಲು; ಮೆತ್ತಗಿನ ಚರ್ಮ ಬ್ಲೇಡ್ ಜೊತೆಗೇ ಅಲ್ಲಾಡುತ್ತದೆ, ಆ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಗೋಡೆಗೆ ಒತ್ತಿಕೊಂಡು ಅಲ್ಲಾಡದಂತಿರುವ ವೈರನ್ನು ಸಲೀಸಾಗಿ ಸೀಳುತ್ತದೆ. ಬ್ಲೇಡ್ ಮೇಲೆ ಪ್ಲೈವುಡ್ ದಪ್ಪಕ್ಕೆ ಸರಿಯಾಗಿ ಟೇಪ್ ಸುತ್ತಿ, ಟೆಸ್ಟರ್ ಇಟ್ಟು ನೋಡಿಯೇ ಶುರು ಮಾಡಿ. ಇಟ್ಟಿಗೆ ಗೋಡೆಯಲ್ಲಿ ಪೈಪ್ ಕೂರಿಸಲು ಉದ್ದ ಕಾಲುವೆ ಕೊರೆಯಲು ವಾಲ್ ಕಟರ್ರೇ ಬೇಕು.

ಹಳೇ ಮರದಲ್ಲಿ ಮೊಳೆ ಇದ್ದೇ ಇರುತ್ತದೆ, ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡ್ ತೆಗೆದುಕೊಳ್ಳಿ. ಅಗ್ಗದ ಸೆಟ್‌ಗಳಲ್ಲಿ ಒಂದು ಮೊಳೆಗೇ ಹಲ್ಲು ಬೋಳಾಗುತ್ತದೆ. ಕೊಳ್ಳುವಾಗ ಬ್ಲೇಡ್ ಮಷೀನಿಗೆ ಕೂರುವ ಜಾಗದ ಗುರುತನ್ನೂ ನೋಡಿ: ಬಾಷ್ ಮತ್ತು ಫೈನ್ 2016ರಲ್ಲಿ ತಂದ ಸ್ಟಾರ್‌ಲಾಕ್ ಎಂಬ ಜೋಡಣೆಯಲ್ಲೇ ಮೂರು ಬಗೆ, ಸ್ಟಾರ್‌ಲಾಕ್ ಮ್ಯಾಕ್ಸ್ ಬ್ಲೇಡ್ ಸಾದಾ ಸ್ಟಾರ್‌ಲಾಕ್ ಮಷೀನಿಗೆ ಕೂರುವುದಿಲ್ಲ. ಮನೆಯಲ್ಲಿ ಮಕೀಟಾದ 18 ವೋಲ್ಟ್ ಎಲ್‌ಎಕ್ಸ್‌ಟಿ ಡ್ರಿಲ್ ಆಗಲೇ ಇದ್ದರೆ ಬರೀ ಬಾಡಿ ಕೊಳ್ಳಿ, ಆ ಬ್ಯಾಟರಿಯೇ ಇದಕ್ಕೂ ಆಗುತ್ತದೆ.