ಸಾಲದ ಮಾತೇ ಎತ್ತದ ಹಳೇ ಕಾರಿನ ಅಂಗಡಿ

ಮೈಸೂರಿನ ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟಿದ ಮೇಲೆ ಹಳೇ ಕಾರು ಮಾರುವ ಒಂದು ಸಣ್ಣ ಅಂಗಡಿ ಇದೆ. ಶೀಟ್ ಹಾಕಿದ ಶೆಡ್, ಮುಂದೆ ಹೊಂಗೆ ಮರ, ಕೆಳಗೆ ಸಾಲಾಗಿ ನಿಲ್ಲಿಸಿದ ಕಾರುಗಳು. ಬ್ಯಾಂಕಿನಲ್ಲಿ ಹೆಸರು ಕೆಟ್ಟವರಿಗೆ ಕಾರು ಬೇಕೇ ಬೇಕು ಅಂತಾದರೆ ಮೊದಲು ಇಲ್ಲಿಗೆ ಹೋಗಿ ಅಂತ ಧೈರ್ಯವಾಗಿ ಹೇಳುತ್ತೇನೆ.

ನಮ್ಮದೊಂದು ಚಿಕ್ಕ ಆಫ್‌ಸೆಟ್ ಪ್ರೆಸ್ ಇತ್ತು. ಮದುವೆ ಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್. ಕೊರೊನಾ ಆದ ಮೇಲೆ ಪತ್ರಿಕೆಯೆಲ್ಲ ವಾಟ್ಸಾಪ್‌ಗೆ ಹೋಯಿತು, ಪೇಪರ್ ರೇಟು ಏರಿತು, ಮೆಷಿನ್ ಸಾಲ ಮಾತ್ರ ಹಾಗೇ ಉಳಿಯಿತು. ಕಂತು ನಿಂತದ್ದಕ್ಕೆ ಫೈನಾನ್ಸ್‌ನವರು ಕಾರು ಎಳೆದುಕೊಂಡು ಹೋದರು. ಆಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿದೆ. 2016ರ ಹೊಸ ದಿವಾಳಿ ಕಾನೂನಿನ ವ್ಯಕ್ತಿಗಳ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮಂಥವರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ.

ಕಾರಿಲ್ಲದೆ ಇದ್ದುಬಿಡೋಣ ಅಂದರೆ ಅಮ್ಮನಿಗೆ ಡಯಾಲಿಸಿಸ್. ಮುಗಿಸಿ ಹೊರಗೆ ಬರುವಾಗ ಅವರಿಗೆ ಮೈ ನಡುಕ ಬಂದಿರುತ್ತದೆ, ಕಾಲು ನಿಲ್ಲುವುದಿಲ್ಲ. ಆಟೋದಲ್ಲಿ ಗಾಳಿಗೆ ಕೂರಿಸಿಕೊಂಡು ಬರುವುದನ್ನು ನೋಡಲು ಆಗುತ್ತಿರಲಿಲ್ಲ.

ನನ್ನ ಹೆಸರಲ್ಲಿ ಕಾರು ತಗೊಳ್ಳುವ ಹಾಗಿಲ್ಲ. ಕೋರ್ಟು ದಿವಾಳಿ ಅಂತ ಘೋಷಿಸಿದ ಮೇಲೆ, ದಿವಾಳಿತನದಿಂದ ಬಿಡುಗಡೆಯ ಆದೇಶ ಸಿಗುವ ತನಕ ನನ್ನ ಕೈಗೆ ಬರುವ ಆಸ್ತಿಯೂ ಕೋರ್ಟಿಗೆ ಅಥವಾ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ ರಿಸೀವರ್‌ಗೆ ಸೇರುತ್ತದೆ. ಇನ್ನೊಂದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಾನು ದಿವಾಳಿಯಾದವನು ಅಂತ ಹೇಳದೆ ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ಎತ್ತಿದರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು. ಹಾಗಾಗಿ ನನ್ನ ಹೆಂಡತಿ ತನ್ನ ಹೆಸರಿಗೇ ತಗೊಂಡಳು. ಅವಳು ಶ್ರೀರಂಗಪಟ್ಟಣದಲ್ಲಿ ಟೀಚರ್. ತನ್ನ ಸಂಬಳದಲ್ಲಿ ಕಟ್ಟಿದ್ದ ಆರ್‌ಡಿ ಮುರಿಸಿದಳು. ದುಡ್ಡು ಅವಳ ಖಾತೆಯಿಂದಲೇ ನೇರವಾಗಿ ಹೋಗಬೇಕು, ಪಾಸ್‌ಬುಕ್ಕಿನ ಲೆಕ್ಕ ಇಟ್ಟುಕೊಳ್ಳಬೇಕು ಅಂತ ವಕೀಲರು ಒತ್ತಿ ಹೇಳಿದ್ದರು.

ಇದನ್ನೆಲ್ಲ ಬಿಚ್ಚಿ ಹೇಳಿದಾಗ ಬೇರೆ ಕಡೆ ಏನಾಯಿತು ಗೊತ್ತಾ? ಒಂದು ಕಡೆ ‘ಸಿಬಿಲ್ ನೋಡಲ್ಲ ಸಾರ್, ನಮ್ಮದೇ ಫೈನಾನ್ಸ್’ ಅಂದರು. ಸಿಬಿಲ್ ಅಂದರೆ ಸಾಲ ತೀರಿಸಿದ ಚರಿತ್ರೆಯ ಅಂಕ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ಮೇಲೆ ಸಹಿ ಹಾಕಿದ ಖಾಲಿ ಚೆಕ್ಕು. ಮುಳುಗುತ್ತಿರುವವನ ತಲೆಯ ಮೇಲೆ ಕಲ್ಲು ಇಟ್ಟಂತೆ ಇಂಥ ಮಾತು. ಅಲ್ಲಿಂದ ಎದ್ದು ಬಂದೆವು.

ಹಿನಕಲ್ ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ‘ಅಕ್ಕಾ, ನಿಮ್ಮ ಹತ್ರ ಎಷ್ಟಿದೆ ಅಷ್ಟೇ ಹೇಳಿ. ಅದರೊಳಗೆ ಏನು ಬರುತ್ತೋ ಅದನ್ನೇ ತೋರಿಸ್ತೀನಿ. ಇನ್ಶೂರೆನ್ಸ್‌ಗೆ, ಟ್ರಾನ್ಸ್‌ಫರ್‌ಗೆ ಒಂದಿಷ್ಟು ಮೊದಲೇ ಎತ್ತಿಟ್ಟುಬಿಡಿ’ ಅಂದರು. ಆ ಒಂದು ಮಾತಿಗೇ ನನ್ನ ಅರ್ಧ ಭಾರ ಇಳಿಯಿತು.

ತೋರಿಸಿದ್ದು 2012ರ ವ್ಯಾಗನ್ ಆರ್, ಕೆಎ-09 ನಂಬರು. ಡೋರಿನ ರಬ್ಬರ್ ಬೀಡಿಂಗನ್ನು ಉಗುರಿನಿಂದ ಎಳೆದು, ಒಳಗಿನ ವೆಲ್ಡಿಂಗ್ ಚುಕ್ಕಿಗಳನ್ನು ತೋರಿಸಿದರು. ಮೂರು ಬಾಗಿಲಲ್ಲಿ ಚುಕ್ಕಿಗಳು ಒಂದೇ ಅಳತೆ, ಒಂದೇ ದೂರ. ಹಿಂದಿನ ಎಡಬಾಗಿಲಲ್ಲಿ ಮಾತ್ರ ಮುಚ್ಚಿಹೋಗಿ ಬಣ್ಣ ದಪ್ಪಗಿತ್ತು. ‘ಇಲ್ಲಿ ಯಾರೋ ಗುದ್ದಿದ್ದಾರೆ, ಟಿಂಕರಿಂಗ್ ಆಗಿದೆ’ ಅಂತ ಅವರೇ ಬೆರಳಿಟ್ಟು ಹೇಳಿದರು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯ ತುಕ್ಕನ್ನೂ ತೋರಿಸಿದರು. ಹದಿನೈದು ವರ್ಷ ತುಂಬುವುದು 2027ಕ್ಕೆ, ಆಗ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಆರ್‌ಸಿ (ನೋಂದಣಿ ಪತ್ರ) ರಿನ್ಯೂ ಮಾಡಿಸಬೇಕು, ಸಿಕ್ಕರೆ ಐದು ವರ್ಷಕ್ಕೆ ಅಂತಲೂ ಹೇಳಿದರು. ಇದನ್ನು ಬೇರೆ ಯಾರೂ ಬಾಯಿಬಿಟ್ಟಿರಲಿಲ್ಲ.

ಸುಮ್ನೆ ರಿಂಗ್ ರೋಡಲ್ಲಿ ಒಂದು ಸುತ್ತು ಬೇಡ, ಚಾಮುಂಡಿ ಬೆಟ್ಟ ಹತ್ತಿಸಿ ನೋಡಿ ಅಂತ ಕೀ ಕೊಟ್ಟರು. ಪೆಟ್ರೋಲ್ ನಮ್ಮದು. ಏರಿನಲ್ಲಿ ಕ್ಲಚ್ ಜಾರಿದರೆ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ನಮ್ಮದು ಎಳೆಯಿತು. ಮೇಲೆ ನಿಲ್ಲಿಸಿ ನೋಡಿದಾಗ ಬಿಸಿಯ ಮುಳ್ಳೂ ಅರ್ಧಕ್ಕಿಂತ ಮೇಲೆ ಹೋಗಿರಲಿಲ್ಲ. ತಾಯಿಗೆ ಕೈಮುಗಿದು ಬಂದೆವು.

ಹಿಂದಿನ ಮಾಲೀಕರ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಹಾಕಿಸಿ ಅದನ್ನು ತೆಗೆಸುವ ತನಕ ಅಂಗಡಿಯವರು ಅಡ್ವಾನ್ಸ್ ಬಿಟ್ಟು ಬೇರೆ ದುಡ್ಡು ಮುಟ್ಟಲಿಲ್ಲ. ಆಮೇಲೆ ಹೆಸರು ವರ್ಗಾವಣೆಯ ಫಾರಂ 29, 30. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದವನು ನಾನೇ. ಇಷ್ಟು ವರ್ಷ ಅಚ್ಚಿನ ಕೆಲಸ ಮಾಡಿದ ಕೈ, ಅಂಕಿಗಳು ಸ್ಪಷ್ಟವಾಗಿ ಮೂಡಿದ್ದು ನೋಡಿ ಖುಷಿಯಾಯಿತು.

ಬೇಜಾರಿನ ವಿಷಯಗಳೂ ಇವೆ. ಸ್ಟೆಪ್ನಿ ಟೈರು ಪೂರ್ತಿ ಬೋಳು, ಬದಲಾಯಿಸಿ ಕೊಡಿ ಅಂದರೆ ಒಪ್ಪಲಿಲ್ಲ. ವಾರಂಟಿ ಅಂತ ಏನೂ ಇಲ್ಲ. ಆರ್‌ಸಿ ಬರುವುದು ತಡವಾದಾಗ ನಾವೇ ಮೇಲಿಂದ ಮೇಲೆ ಫೋನ್ ಮಾಡಬೇಕಾಯಿತು. ಸೀಟಿನ ಹಳೇ ಸಿಗರೇಟು ವಾಸನೆ ಇನ್ನೂ ಪೂರ್ತಿ ಹೋಗಿಲ್ಲ, ಅಮ್ಮನಿಗೆ ಅದು ಹಿಂಸೆ.

ನೀವು ಹೋಗುವುದಾದರೆ ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರು ಹಾಕಿ, ಸಾಲ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. ಆರ್‌ಟಿಒ ಕೊಟ್ಟ ಡೀಲರ್ ಅಧಿಕಾರ ಪತ್ರ ಕೇಳಿ. 2023ರ ಏಪ್ರಿಲ್‌ನಿಂದ ಅದು ಇರಬೇಕು ಅಂತ ನಿಯಮ ಇದೆ, ಇವರು ಗೋಡೆಗೇ ಹಾಕಿದ್ದಾರೆ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ, ಇಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡಿ.