ಮಗ್ಗದ ಮನೆಯಲ್ಲಿ ಕೇಳಿದ ಮೂರು ಚೊಚ್ಚಲ ಆಲ್ಬಂ

ಬೆಳಗಾವಿಯ ವಡಗಾವಿಯಲ್ಲಿ ನಮ್ಮದು ಮಗ್ಗದ ಮನೆ. ನಾಲ್ಕು ಪವರ್‌ಲೂಮ್ ಇವೆ. ಬೆಳಿಗ್ಗೆ ಶುರುವಾದರೆ ರಾತ್ರಿ ತನಕ ಸೀರೆ ನೇಯುತ್ತಲೇ ಇರುತ್ತವೆ. ಆ ಸದ್ದಿನಲ್ಲೇ ಓದಿದ್ದೇನೆ, ಆ ಸದ್ದಿನಲ್ಲೇ ನಿದ್ದೆ ಮಾಡಿದ್ದೇನೆ. ಅದಕ್ಕೇ ಇರಬೇಕು, ಮಾತು ಕಡಿಮೆ, ಬಡಿತ ಜಾಸ್ತಿ ಇರುವ ಎಲೆಕ್ಟ್ರಾನಿಕ್ ಸಂಗೀತ ನನಗೆ ಬೇಗ ಹಿಡಿಸಿತು.

ಹೋದ ತಿಂಗಳು ಕಾಕಾನ ಮಗ ಕೇಳಿದ: "ಅಣ್ಣಾ, ಇಂಥಾ ಮ್ಯೂಸಿಕ್ ಕೇಳಬೇಕಂದ್ರ ಯಾವುದರಿಂದ ಶುರು ಮಾಡ್ಲಿ?" ಬಾಯಿಗೆ ಬಂದ ಹೆಸರು ಸುಮ್ನೆ ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಮೂರು ಆಲ್ಬಂ ಆರಿಸಿಕೊಂಡೆ. ಡಾಫ್ಟ್ ಪಂಕ್‌ನ 'ಹೋಮ್‌ವರ್ಕ್' (1997), ಕೆಮಿಕಲ್ ಬ್ರದರ್ಸ್‌ನ 'ಎಕ್ಸಿಟ್ ಪ್ಲಾನೆಟ್ ಡಸ್ಟ್' (1995), ತಲ್ವಿನ್ ಸಿಂಗ್ ಅವರ 'ಓಕೆ' (1998). ಮೂರೂ ಆಯಾ ಕಲಾವಿದರ ಮೊದಲ ಸ್ಟುಡಿಯೋ ಆಲ್ಬಂ. ವಾರಕ್ಕೊಂದರಂತೆ ಕೇಳಿದೆ. ಅದೇ ಫೋನು, ಅದೇ ವೈರಿನ ಇಯರ್‌ಫೋನು. ಕೊನೆಗೆ ಒಂದು ರಾತ್ರಿ ಸೌಂಡ್ ಸಿಸ್ಟಂ ಬಾಡಿಗೆ ಕೊಡುವ ಗೆಳೆಯನ ಗೋದಾಮಿಗೆ ಹೋಗಿ, ಗಣಪತಿ ಮೆರವಣಿಗೆಗೆ ಹಾಕುವ ಬಾಕ್ಸ್‌ಗಳಲ್ಲಿ ಮೂರನ್ನೂ ಹಾಕಿ ನೋಡಿದೆವು.

ಮೊದಲು 'ಹೋಮ್‌ವರ್ಕ್'. ಡಾಫ್ಟ್ ಪಂಕ್ ಅಂದರೆ ಪ್ಯಾರಿಸ್‌ನ ಇಬ್ಬರು ಗೆಳೆಯರು, ತೋಮಾ ಬಾಂಗಾಲ್ಟರ್ ಮತ್ತು ಗೀ-ಮ್ಯಾನುಯೆಲ್ ದ ಒಮೆಂ-ಕ್ರಿಸ್ಟೋ. ದೊಡ್ಡ ಸ್ಟುಡಿಯೋಗೆ ಹೋಗದೆ ಬಾಂಗಾಲ್ಟರ್ ಅವರ ಮನೆಯ ಕೋಣೆಯಲ್ಲೇ ಮಾಡಿದ ಆಲ್ಬಂ ಇದು. ಹೆಸರೂ ಅಲ್ಲಿಂದಲೇ ಬಂತು. ಮನೆಯೊಳಗೇ ಕೆಲಸ ಇಟ್ಟುಕೊಂಡ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ 'ಅರೌಂಡ್ ದ ವರ್ಲ್ಡ್' ಅಂತ ಏಳು ನಿಮಿಷದ ಹಾಡಿದೆ. ಸಾಹಿತ್ಯ ಅಂದರೆ ಆ ಮೂರೇ ಪದ. ಆಲ್ಬಂನಲ್ಲಿ ಅದು 144 ಸಲ ಬರುತ್ತದೆ. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಅವ್ವ ಒಂದು ಇಯರ್‌ಫೋನ್ ಕಿವಿಗಿಟ್ಟುಕೊಂಡು, "ಇವಗ ಬ್ಯಾರೆ ಮಾತ ಬರೂದಿಲ್ಲೇನು?" ಅಂದಳು. ಮೊದಲ ಸಲ ಕೇಳಿದಾಗ ನನಗೂ ಹಾಗೇ ಅನಿಸಿತ್ತು. ಆದರೆ ಮಾತನ್ನು ಬಿಟ್ಟು ಅದರ ಕೆಳಗೆ ನಡೆಯುವುದನ್ನು ಕೇಳಬೇಕು. ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಬರುತ್ತದೆ, ಹೋಗುತ್ತದೆ. ಚಪ್ಪಾಳೆಯಂಥ ಪೆಟ್ಟು ಸೇರುತ್ತದೆ. ಸಿಂಥ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಒಂದು ಸಣ್ಣ ಎಳೆ ಮೇಲೆದ್ದು ಮತ್ತೆ ಮುಳುಗುತ್ತದೆ. ಕರಡಿ ಮಜಲಿನವರು ಒಂದೇ ನುಡಿಯನ್ನು ಹಿಡಿದು ಬಿಡದೆ ಬಾರಿಸುತ್ತಾ ಹೋಗುತ್ತಾರಲ್ಲ, ಕೇಳುವವನ ಮೈ ತಾನಾಗಿ ತೂಗುತ್ತದಲ್ಲ, ಹಾಗೆ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಮಗ್ಗದ ಕೋಣೆಗೆ ಕಟ್ಟಿಗೆಯ ಹಳೇ ಬಾಗಿಲಿದೆ. ಅದನ್ನು ಮುಚ್ಚಿ ಅಂಗಳದಲ್ಲಿ ನಿಂತರೆ ಬರೀ ಗುಮ್ ಗುಮ್ ಕೇಳುತ್ತದೆ. ಒಂದು ಗೇಣು ತೆರೆದರೆ ಲಾಳಿ ಹೊಡೆಯುವ ಸದ್ದು ಸೇರಿಕೊಳ್ಳುತ್ತದೆ. ಪೂರ್ತಿ ತೆರೆದರೆ ಕಬ್ಬಿಣದ ಖಟಖಟವೆಲ್ಲ ಮುಖಕ್ಕೆ ರಾಚುತ್ತದೆ. ಒಳಗಿನ ಮಗ್ಗ ಅದೇ, ವೇಗವೂ ಅದೇ. ಡಾಫ್ಟ್ ಪಂಕ್ ಮಾಡುವುದು ಇದನ್ನೇ. ಫಿಲ್ಟರ್‌ನ ಗುಂಡಿ ತಿರುಗಿಸಿ ಚೂಪು ಸದ್ದನ್ನೆಲ್ಲ ತಡೆದು ಹಿಡಿಯುತ್ತಾರೆ, ಆಮೇಲೆ ನಿಧಾನಕ್ಕೆ ಬಿಡುತ್ತಾರೆ. 'ಅರೌಂಡ್ ದ ವರ್ಲ್ಡ್' ಶುರುವಾಗುವುದೇ ಮುಚ್ಚಿದ ಬಾಗಿಲ ಹಿಂದಿನಿಂದ. ಇದು ಗೊತ್ತಾದ ದಿನ ನಾನು ಆ ಹಾಡನ್ನು ಐದು ಸಲ ಕೇಳಿದೆ.

'ಡಾ ಫಂಕ್' ಇದಕ್ಕಿಂತ ನಿಧಾನ. ಅದರಲ್ಲಿ ರೋಲಂಡ್ ಕಂಪನಿಯ ಟಿಬಿ-303 ಯಂತ್ರದ ಸದ್ದು ನುಲಿಯುತ್ತಾ ಬರುತ್ತದೆ. ಬೇಸ್ ಗಿಟಾರ್ ನುಡಿಸುವವರ ಬದಲಿಗೆ ಇರಲಿ ಅಂತ 1981ರಲ್ಲಿ ಬಂದ ಯಂತ್ರ ಅದು. ಆ ಕೆಲಸಕ್ಕೆ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಆಮೇಲೆ ಡ್ಯಾನ್ಸ್ ಮ್ಯೂಸಿಕ್ ಮಾಡುವವರ ಕೈಗೆ ಬಂದು ಅದರ ನಸೀಬು ತೆರೆಯಿತು. ಫೋನಿನಲ್ಲಿ ಟೈಮರ್ ಇಟ್ಟು ನಮ್ಮ ಹಳೇ ಮಗ್ಗದ ಹೊಡೆತ ಎಣಿಸಿದೆ. ನಿಮಿಷಕ್ಕೆ 112. 'ಡಾ ಫಂಕ್' ವೇಗವೂ ಹೆಚ್ಚುಕಡಿಮೆ ಅಷ್ಟೇ. ಒಂದು ಕಿವಿಗೆ ಹಾಡು, ಇನ್ನೊಂದು ಕಿವಿಗೆ ಮಗ್ಗ. ಹತ್ತು ಹನ್ನೆರಡು ಹೊಡೆತ ಎರಡೂ ಕೂಡಿಕೊಂಡು ನಡೆದವು, ಆಮೇಲೆ ಮಗ್ಗ ಚೂರು ಹಿಂದೆ ಬಿತ್ತು. ಮೈ ಜುಮ್ ಅಂತು.

ಹಾಗಂತ ಇಡೀ ಆಲ್ಬಂ ಹೀಗೇ ಇಲ್ಲ. 16 ಹಾಡು, ಸುಮಾರು 74 ನಿಮಿಷ. ಉದ್ದ ಆಯಿತು. 'ರೋಲಿನ್ ಆಂಡ್ ಸ್ಕ್ರ್ಯಾಚಿನ್' ಏಳು ನಿಮಿಷ ಮೀರಿ ಕಿವಿಗೆ ತಗಡು ಉಜ್ಜಿದ ಹಾಗೆ ಕೊರೆಯುತ್ತದೆ. ದಿನವಿಡೀ ಮಗ್ಗದ ಹತ್ತಿರ ಇರುವ ನನಗೆ ಅದು ಬೇಡವೇ ಬೇಡ. ಆದರೆ ಅದರ ಹಿಂದೆಯೇ ಬರುವ 'ಟೀಚರ್ಸ್' ಬಿಡಬೇಡಿ. ತಾವು ಯಾರ್‍ಯಾರಿಂದ ಕಲಿತೆವೋ ಅವರ ಹೆಸರುಗಳನ್ನು ಒಂದೊಂದಾಗಿ ಹೇಳುವ ಹಾಡು. ನಮ್ಮ ಕಡೆ ಹಿಂದೂಸ್ತಾನಿ ಹಾಡುವವರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದು ನೆನಪಾಯಿತು.

ಎರಡನೇ ವಾರ 'ಎಕ್ಸಿಟ್ ಪ್ಲಾನೆಟ್ ಡಸ್ಟ್'. ಕೆಮಿಕಲ್ ಬ್ರದರ್ಸ್ ಅಂದರೆ ಟಾಮ್ ರೋಲಂಡ್ಸ್, ಎಡ್ ಸೈಮನ್ಸ್. ಇಬ್ಬರೂ ಮ್ಯಾಂಚೆಸ್ಟರ್‌ನಲ್ಲಿ ಓದುವಾಗ ಸ್ನೇಹಿತರಾದವರು. ಮೊದಲು ಡಸ್ಟ್ ಬ್ರದರ್ಸ್ ಅಂತ ಕರೆದುಕೊಳ್ಳುತ್ತಿದ್ದರು. ಅದೇ ಹೆಸರಿನವರು ಅಮೆರಿಕದಲ್ಲಿ ಮೊದಲೇ ಇದ್ದರು, ಹಾಗಾಗಿ 1995ರಲ್ಲಿ ಹೆಸರು ಬದಲಾಯಿಸಬೇಕಾಯಿತು. ಆಲ್ಬಂ ಹೆಸರಿನಲ್ಲಿ ಆ ಹಳೇ 'ಡಸ್ಟ್'ಗೆ ವಿದಾಯ ಇದೆ.

ಇದರ ಡ್ರಮ್ಮು ಬೇರೆ ಥರ. 'ಹೋಮ್‌ವರ್ಕ್' ಒಂದೇ ಸಮನೆ ನಡೆದರೆ ಇದು ಎಡವುತ್ತಾ, ಜಿಗಿಯುತ್ತಾ ಬರುತ್ತದೆ. ಬಾಗಲಕೋಟೆಗೆ ಅತ್ತಿ ಊರಿಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದೆ. ಯರಗಟ್ಟಿ ಬರುವಷ್ಟರಲ್ಲಿ ಒಂದು ಸುತ್ತು ಮುಗಿದೇ ಹೋಗಿತ್ತು, ಇದು 50 ನಿಮಿಷವೂ ಇಲ್ಲ. ಬಸ್ಸಿನಲ್ಲಿ ಇದೇ ಗೆದ್ದಿತು, ಅನುಮಾನವೇ ಇಲ್ಲ. ಎಂಜಿನ್ನಿನ ಗುರ್ ಅನ್ನುವ ಸದ್ದು ಬೇಸನ್ನು ನುಂಗಿಬಿಡುತ್ತದೆ. 'ಹೋಮ್‌ವರ್ಕ್'ನಲ್ಲಿ ಜೀವ ಇರುವುದೇ ಬೇಸಿನಲ್ಲಿ, ಅದು ಹೋದರೆ ಏನೂ ಉಳಿಯುವುದಿಲ್ಲ. ಕೆಮಿಕಲ್ ಬ್ರದರ್ಸ್ ಡ್ರಮ್ಮು ಮಾತ್ರ ಆ ಗದ್ದಲ ಸೀಳಿಕೊಂಡು ಬರುತ್ತದೆ.

ಒಂದು ಎಚ್ಚರಿಕೆ. ಶುರುವಿನ ಹಾಡುಗಳು ಒಂದರೊಳಗೊಂದು ಹರಿದುಹೋಗುತ್ತವೆ, ನಡುವೆ ಬಿಡುವಿಲ್ಲ. ನನ್ನ ಫೋನಿನ ಆ್ಯಪ್ ಪ್ರತಿ ಹಾಡಿನ ಕೊನೆಗೂ ಒಂದು ಕ್ಷಣ ನಿಲ್ಲುತ್ತಿತ್ತು. ಎರಡು ದಿನ ಆಲ್ಬಂನದೇ ತಪ್ಪು ಅಂದುಕೊಂಡೆ. ಸೆಟ್ಟಿಂಗ್‌ನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿದ ಮೇಲೆ ಸರಿಹೋಯಿತು. ಶಫಲ್ ಅಂತೂ ಹಾಕಲೇಬೇಡಿ. ರಾತ್ರಿ ಮಗ್ಗ ನಿಂತ ಮೇಲೆ ಇದೇ ಡ್ರಮ್ಮು ದಣಿಸುತ್ತದೆ. ಆಗ ಕೊನೆಯ ಹಾಡು 'ಅಲೈವ್ ಅಲೋನ್' ಒಂದನ್ನೇ ಹಾಕಿಕೊಳ್ಳುತ್ತೇನೆ. ಅದನ್ನು ಹಾಡಿದ ಬೆತ್ ಆರ್ಟನ್ ಅವರ ದನಿ ಅಷ್ಟು ಹತ್ತಿರದಿಂದ ಕೇಳುತ್ತದೆ.

'ಓಕೆ' ಬಗ್ಗೆ ಕಡಿಮೆ ಹೇಳುತ್ತೇನೆ, ಪ್ರೀತಿ ಕಡಿಮೆ ಅಂತಲ್ಲ. ತಲ್ವಿನ್ ಸಿಂಗ್ ಲಂಡನ್‌ನವರು, ತಬಲಾ ವಾದಕರು. 1999ರಲ್ಲಿ ಈ ಆಲ್ಬಂಗೆ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. ಮೊದಲ ಹಾಡು 'ಟ್ರಾವೆಲರ್' 11 ನಿಮಿಷ ಇದೆ. ಅವ್ವನಿಗೆ ಮೂರರಲ್ಲೂ ಇದೇ ಇಷ್ಟವಾಯಿತು, ಪೂರ್ತಿ ಕೇಳಿ ಇಯರ್‌ಫೋನ್ ಕೊಟ್ಟಳು. ಆದರೆ ಹೊಸಬರಿಗೆ ಇದನ್ನು ಮೊದಲು ಕೊಡಲಾರೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮಗೆ ಇಲ್ಲೇ ಹತ್ತಿರ. ಈ ಕಡೆಯ ಕಿವಿಗೆ ತಬಲಾ ಬಿದ್ದ ಕೂಡಲೇ ಅದರ ಹಿಂದೆಯೇ ಹೋಗಿಬಿಡುತ್ತದೆ. ಸುತ್ತ ಯಂತ್ರಗಳು ಮಾಡುವ ಕೆಲಸ ಕೇಳಿಸುವುದೇ ಇಲ್ಲ. ಮೊದಲು ಯಂತ್ರದ ಸದ್ದು ಕೇಳಲು ಕಲಿತು ಆಮೇಲೆ ಇಲ್ಲಿಗೆ ಬಂದರೆ ಎರಡೂ ಸಿಗುತ್ತವೆ.

ಗೋದಾಮಿನ ರಾತ್ರಿ ತೀರ್ಮಾನ ಬೇಗ ಆಯಿತು. 'ಎಕ್ಸಿಟ್ ಪ್ಲಾನೆಟ್ ಡಸ್ಟ್' ಆ ಬಾಕ್ಸ್‌ಗಳಲ್ಲಿ ಕಲಸಿಹೋಯಿತು. 'ಓಕೆ'ಯಲ್ಲಿ ಡಗ್ಗಾದ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯದ, ಗುಮಕಿ ಎದೆಗೆ ಬಂದು ಕೂತಿತು. 'ಡಾ ಫಂಕ್' ಹಾಕಿದಾಗ ಮೇಲಿನ ತಗಡು ನಡುಗಿತು, ಆದರೂ ಒಂದೊಂದು ಸದ್ದೂ ಬೇರೆಬೇರೆಯಾಗಿ ಕೇಳಿತು. ಇಪ್ಪತ್ತು ವರ್ಷದಿಂದ ಮಿಕ್ಸರ್ ಮುಂದೆ ಕೂರುವ ಗೆಳೆಯ ಗುಂಡಿಗಳಿಂದ ಕೈ ತೆಗೆದು, "ಇದಕ್ಕ ನಾ ಏನೂ ಮಾಡೂದ ಬ್ಯಾಡಲೇ, ಅವ್ರ ಎಲ್ಲಾ ಮಾಡ್ಯಾರ" ಅಂದ.

ಹಾಗಾಗಿ ಹುಡುಗನಿಗೆ 'ಹೋಮ್‌ವರ್ಕ್' ಕೊಟ್ಟೆ. ಇಡೀ ಆಲ್ಬಂ ಅಲ್ಲ, ಮೂರನೇ ಹಾಡಿನಿಂದ ಏಳನೆಯದರವರೆಗೆ. ಕೊಡುವ ಮೊದಲು ಅವನನ್ನು ಅಂಗಳದಲ್ಲಿ ನಿಲ್ಲಿಸಿ ಮಗ್ಗದ ಕೋಣೆಯ ಬಾಗಿಲು ಮುಚ್ಚಿದೆ, ಆಮೇಲೆ ನಿಧಾನಕ್ಕೆ ತೆರೆದೆ. ಏನಂತ ಕೇಳಲಿಲ್ಲ ಅವನು. ಇಯರ್‌ಫೋನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತ. 'ಅರೌಂಡ್ ದ ವರ್ಲ್ಡ್' ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ತಲೆಯೆತ್ತಿ ಬಾಗಿಲ ಕಡೆ ನೋಡಿದ. ಹಾಡನ್ನು ಮತ್ತೆ ಮೊದಲಿನಿಂದ ಹಾಕಿಕೊಂಡ.