ಜ್ಞಾನಸ್ನಾನದ ಬಿಳಿ ಗೌನು ಕೊಳ್ಳುವವರೇ, ಬಿಲ್ಲಿನಲ್ಲಿ ‘ಕಾಟನ್’ ಎಂದು ಬರೆಸಿಕೊಳ್ಳಿ

ನನ್ನ ತಂಗಿಯ ಐದು ತಿಂಗಳ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಂ) ಮಾಡಿಸಿದಾಗ ಜ್ಞಾನತಾಯಿಯಾಗಿ (ಗಾಡ್‌ಮದರ್) ನಿಂತವಳು ನಾನು. ಬಟ್ಟೆ ತರುವ ಹೊಣೆ ನನ್ನದಾಗಿತ್ತು, ಆದ್ದರಿಂದ ನಾಚಿಕೆಯೂ ನನ್ನದೇ. ದಾವಣಗೆರೆ ಪೇಟೆಯಲ್ಲಿ ಇಂಥ ಬಟ್ಟೆ ಹುಡುಕುತ್ತಿರುವವರು ನನ್ನಂತೆ ಮೋಸಹೋಗಬಾರದೆಂದು, ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ನನ್ನ ಕೈಗೆ ಕೊಟ್ಟ ಮಾದರಿ ಗೌನು ತೊಳೆದ ಮಲ್ ಬಟ್ಟೆಯಷ್ಟು (ತೆಳು ಹತ್ತಿ ಬಟ್ಟೆ) ಮೆತ್ತಗಿತ್ತು. ಗೌನು, ಟೋಪಿ, ಕಾಲುಚೀಲ, ರಿಬ್ಬನ್ ಕಟ್ಟಿದ ಮೇಣದಬತ್ತಿ ಸೇರಿ 3,800 ರೂಪಾಯಿ ಎಂದರು. ಅದೇ ಬಟ್ಟೆಯಲ್ಲಿ ಮಗುವಿನ ಅಳತೆಗೆ ಹೊಲಿಸಿ ಕೊಡುತ್ತೇವೆಂದು 2,000 ರೂಪಾಯಿ ಮುಂಗಡ ತೆಗೆದುಕೊಂಡರು. ಶನಿವಾರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಅಂಟಿಸಿ ಕೊಟ್ಟು, ‘ಈಗ ಬಿಚ್ಚಬ್ಯಾಡ್ರಿ ಅಕ್ಕಾರೆ, ಇಸ್ತ್ರಿ ಕೆಡ್ತದೆ’ ಎಂದರು. ನಾನು ಬಿಚ್ಚಲಿಲ್ಲ. ಉಳಿದ ಹಣ ಎಣಿಸಿ ಕೊಟ್ಟೆ, ಬಿಚ್ಚಲೇ ಇಲ್ಲ.

ಭಾನುವಾರ ಗುರುಗಳು ಮಗುವಿನ ಎದೆಗೆ ಎಣ್ಣೆ ಹಚ್ಚಲು ಬಂದಾಗ ಗೌನಿಗೆ ಮುಂದೆ ಒಂದು ಗುಂಡಿಯೂ ಇರಲಿಲ್ಲ. ಬೆನ್ನಿನ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಬಂಧುಗಳೆಲ್ಲ ನೋಡುತ್ತಿರುವಾಗ ನಾನು ಗೌನನ್ನು ಕೆಳಗಿನಿಂದ ಕೊರಳವರೆಗೆ ಎತ್ತಿ ಹಿಡಿಯಬೇಕಾಯಿತು. ಕೊರಳ ಸುತ್ತ ನೆಟ್ ಉಜ್ಜಿ ಕೆಂಪು ಗೆರೆ ಎದ್ದಿತ್ತು. ನೀರು ಹಾಕಿಸಲು ಟೋಪಿ ತೆಗೆದರೆ, ಅಂಟಿನಲ್ಲಿ ಕೂರಿಸಿದ್ದ ಮುತ್ತೊಂದು ಕಿತ್ತುಬಂದು ಮಗುವಿನ ಮುಷ್ಟಿ ಸೇರಿತ್ತು. ಅದು ಬಾಯಿಗೆ ಹೋಗುವಷ್ಟರಲ್ಲಿ ತಂಗಿಯ ಅತ್ತೆ ಕಂಡರು, ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದರು, ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದು ಅಂಚಿನ ಒಂದೆಳೆ ದಾರ ಕಿತ್ತು ಬೆಂಕಿಗೆ ಹಿಡಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕಿತ್ತು; ಇದು ಕರಗಿ, ಮುದುಡಿ, ಗಟ್ಟಿಯಾದ ಕರಿ ಮಣಿಯಾಯಿತು. ಇಂಥದ್ದನ್ನು ತೊಡಿಸಿ ಉರಿಯುವ ಮೇಣದಬತ್ತಿಯ ಪಕ್ಕದಲ್ಲೇ ಮಗುವನ್ನು ಎತ್ತಿಕೊಂಡು ನಿಂತಿದ್ದೆವಲ್ಲ ಎಂದು ಈಗಲೂ ಎದೆ ಝಲ್ಲೆನ್ನುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಹುಟ್ಟಿ ಬೆಳೆದವಳು ಹತ್ತಿಯ ವಿಷಯದಲ್ಲೇ ಮೋಸಹೋದೆ.

ಸೋಮವಾರ ಅಂಗಡಿಗೆ ಹೋದರೆ, ‘ಮಗು ಹಾಕ್ಕೊಂಡಿದ್ದನ್ನ ಹೆಂಗ್ರಿ ವಾಪಸ್ ತಗೊಳ್ಳೋದು?’ ಎಂಬುದು ಮೊದಲ ಉತ್ತರ. ಮಾದರಿಯನ್ನು ನೆನಪಿಸಿದರೆ, ‘ಕಾಟನ್ ಅಂದಿಲ್ಲ, ಕಾಟನ್ ಥರ ಇರ್ತದೆ ಅಂದಿದ್ವಿ.’ ಮುತ್ತು ತೋರಿಸಿದರೆ, ‘ಮಗು ಕೈ ಹಾಕದಂಗೆ ನೀವು ನೋಡ್ಕೋಬೇಕಿತ್ತು.’ ಗಲ್ಲಾದಲ್ಲಿ ಕೂತಿದ್ದ ಹಿರಿಯರು ತಲೆಯನ್ನೂ ಎತ್ತದೆ, ‘ಒಂದು ತಾಸಿನ ಬಟ್ಟೆಗೆ ಇಷ್ಟ್ಯಾಕ ಜಗಳ ತಾಯಿ’ ಎಂದರು. ಒಂದು ತಾಸಿನ ಬಟ್ಟೆ! ದುಡ್ಡು ಎಣಿಸಿಕೊಳ್ಳುವಾಗ ಆ ಮಾತು ಬಂದಿರಲಿಲ್ಲ.

‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಆದರೆ ನನ್ನ ಬಿಲ್ಲಿನಲ್ಲಿ ‘ಬೇಬಿ ಸೆಟ್ 1’ ಎಂದಷ್ಟೇ ಇದೆ, ಬಟ್ಟೆ ಯಾವುದೆಂಬ ಸುಳಿವೇ ಇಲ್ಲ. ನೀವು ಬಟ್ಟೆಯ ಹೆಸರು ಬರೆಸಿ, ಮುಂದೆ ಗುಂಡಿ ಇಡಿಸಿ, ಮುತ್ತು ಮಣಿ ಬೇಡವೆನ್ನಿ, ಇಸ್ತ್ರಿ ಕೆಟ್ಟರೂ ಸರಿ, ಅಂಗಡಿಯವರ ಎದುರಿಗೇ ಕವರು ಹರಿದು ನೋಡಿ. ನನ್ನ ಕವರಿನಲ್ಲಿ ಈಗ ಗೌನಿನ ಜೊತೆ ಆ ಮುತ್ತು ಮತ್ತು ಸುಟ್ಟ ದಾರದ ಕರಿ ಮಣಿ ಇವೆ. ಕೇಳಿದವರಿಗೆ ತೋರಿಸಲೆಂದು ಎತ್ತಿಟ್ಟುಕೊಂಡಿದ್ದೇನೆ.